ಕಂಬಣ್ಣನ ರಿವಾಲ್ವರ್, ನನ್ನ ವರದಿ

ನಮ್ಮ ಕಂಪನಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬ್ಯಾಂಕುಗಳಿಗೆ ಹಣ ಸಾಗಿಸುವ ಕಂಪನಿ ನಮ್ಮದು. ವ್ಯಾನು ಬ್ಯಾಂಕಿನ ಮುಂದೆ ನಿಂತಾಗ ಹಿಂದಿನ ಬಾಗಿಲಿನ ಪಕ್ಕ ಗನ್ನು ಹಿಡಿದು ನಿಲ್ಲುವುದು ಅವನ ಕೆಲಸ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುತ್ತಿರಲಿಲ್ಲ, ಅದಕ್ಕೇ ಕಂಬ. ವಯಸ್ಸಿಗೆ ಮರ್ಯಾದೆ ಕೊಟ್ಟು ಕಿರಿಯರು ಅವನನ್ನು ಕಂಬಣ್ಣ ಮಾಡಿದರು. ನನ್ನ ಹೆಸರು ಎಣ್ಣೆ ಮೇಷ್ಟ್ರು. ಹೊಸದಾಗಿ ಸೇರಿದವರು ಇದನ್ನು ಕೇಳಿ, ಬೆಳಗ್ಗೆ ಬೆಳಗ್ಗೆಯೇ ನನ್ನ ಬಾಯಿ ವಾಸನೆ ನೋಡುವವರಂತೆ ನನ್ನ ಕೋಣೆಯ ಕಿಂಡಿಗೆ ಮುಖ ತರುತ್ತಿದ್ದರು. ಅದು ಆ ಎಣ್ಣೆಯಲ್ಲ, ಗನ್ನಿಗೆ ಹಾಕುವ ಎಣ್ಣೆ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಕಟ್ಟಡದ ನೆಲಮಾಳಿಗೆಯಲ್ಲಿ ನನ್ನ ಕೋಣೆ. ಕಬ್ಬಿಣದ ಜಾಲರಿ, ಅದರಲ್ಲೊಂದು ಕಿಂಡಿ, ಕಿಂಡಿಯ ಮುಂದೆ ದಾರ ಕಟ್ಟಿದ ಪೆನ್ನು. ಬೆಳಗ್ಗೆ ಏಳಕ್ಕೆ ಹದಿನೆಂಟು ಗಾರ್ಡುಗಳಿಗೆ ಹದಿನೆಂಟು ರಿವಾಲ್ವರ್, ಒಬ್ಬೊಬ್ಬರಿಗೆ ಆರು ಗುಂಡು ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಸಂಜೆ ವಾಪಸ್ ತೆಗೆದುಕೊಂಡು, ಒರೆಸಿ, ಕಪಾಟಿನಲ್ಲಿಡಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದೆ.

ಈ ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಡುಗಳು ಫಳಫಳ ಹೊಳೆಯಲಿ ಎಂದು ಅವನ್ನೂ ಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದೆ. ಎಣ್ಣೆ ಒಳಕ್ಕಿಳಿದರೆ ಮದ್ದು ಸಾಯುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಮೇಲೆ ಬಿಟ್ಟೆ, ಆದರೆ ಹೆಸರು ಬಿಡಲಿಲ್ಲ. ಎರಡನೆಯದು, ವರ್ಷಕ್ಕೊಮ್ಮೆ ನಡೆಯುವ ಗುರಿ ಅಭ್ಯಾಸಕ್ಕೆ ನಾನು ಎರಡು ಗನ್ನುಗಳನ್ನು ಬೇರೆ ಇಟ್ಟಿದ್ದೆ. ಹದಿನೆಂಟು ಜನವೂ ಅವೆರಡರಲ್ಲೇ ಹೊಡೆಯಬೇಕು. ತಮ್ಮ ತಮ್ಮ ಗನ್ನಿನಲ್ಲಿ ಹೊಡೆದರೆ ಹದಿನೆಂಟನ್ನೂ ಬಿಚ್ಚಿ ಮಸಿ ತೆಗೆಯುವವನು ನಾನು ತಾನೆ? ಸೋಮಾರಿತನಕ್ಕೆ ನಿಯಮ ಎಂದು ಹೆಸರಿಟ್ಟೆ. ಹೀಗಾಗಿ ಗಾರ್ಡುಗಳ ಸೊಂಟದಲ್ಲಿದ್ದ ಗನ್ನುಗಳು ವರ್ಷಗಟ್ಟಲೆ ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಹೋದ ವರ್ಷ ಬೇರೊಂದು ಕಂಪನಿಯ ವ್ಯಾನಿನ ಮೇಲೆ ದರೋಡೆ ಬಿತ್ತು, ಗಾರ್ಡು ಸತ್ತ. ನಮ್ಮ ಮ್ಯಾನೇಜರು ಮರುವಾರವೇ ನನ್ನನ್ನು ಕರೆಸಿ, ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ತಳ್ಳಿದರು.

"ಹೊಸ ಮಾಡೆಲ್ ಪಿಸ್ತೂಲು. ಹಳೇದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೂರು ವಾರದಲ್ಲಿ ವರದಿ ಕೊಡಿ. ನೀವು ಯಾವುದು ಅಂತೀರೋ ಅದೇ."

"ಹೊಸದು ಅಂದ್ರೆ ನಮ್ಮ ಹುಡುಗರ ಗತಿ?"

"ಎಲ್ಲರಿಗೂ ಪರೀಕ್ಷೆ. ಪಾಸಾದವರು ಇರ್ತಾರೆ. ಗನ್ನಿಲ್ಲದ ಕೆಲಸ ನಮ್ಮಲ್ಲಿ ಎಲ್ಲಿದೆ?"

ಪೆಟ್ಟಿಗೆ ತೆರೆದರೆ ಮೈಯೆಲ್ಲ ಅರ್ಧ ಪ್ಲಾಸ್ಟಿಕ್ಕು. ಮೊಮ್ಮಗಳ ಆಟದ ಸಾಮಾನಿನ ನಡುವೆ ಇಟ್ಟರೆ ಹುಡುಕಬೇಕಾದೀತು ಅನಿಸಿತು. ಹಳೆಯದು ಅಪ್ಪಟ ಉಕ್ಕು. ಎಂಟು ತಾಸು ಕಟ್ಟಿಕೊಂಡು ನಿಂತರೆ ಸಂಜೆಗೆ ಸೊಂಟ ಇದೆಯೋ ಕಳಚಿ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಹಳೆಯದರ ತಿರುಗುವ ಉರುಳೆಯಲ್ಲಿ ಆರು ಗುಂಡು, ಖಾಲಿಯೋ ತುಂಬಿದೆಯೋ ಎಂದು ಕಣ್ಣಿಗೆ ಕಾಣುತ್ತದೆ. ಹೊಸದರ ಹಿಡಿಯೊಳಗೆ ಹತ್ತು, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಹಳೆಯದರ ಟ್ರಿಗರ್ ಎಳೆಯಲು ಇಡೀ ಕೈಯ ಬಲ ಬೇಕು. ಹೊಸದಕ್ಕೆ ಬೆರಳಿನ ತುದಿ ಸಾಕು.

ನಾನು ಹಳೆಯದರ ಪಕ್ಷಪಾತಿ ಎಂದು ಬೇರೆ ಹೇಳಬೇಕಾಗಿಲ್ಲ. ಆದರೂ ಕೆಲಸ ಅಂದರೆ ಕೆಲಸ. ಗ್ಯಾರೇಜಿನ ಹಿಂದೆ ಮರಳು ಚೀಲ ಒಟ್ಟಿ ಮಾಡಿದ ಜಾಗದಲ್ಲಿ ಹೊಸದರಿಂದ ಇನ್ನೂರು ಗುಂಡು ಹಾರಿಸಿದೆ. ಮಣ್ಣಿನಲ್ಲಿ ಹೊರಳಿಸಿದೆ. ಬಕೆಟ್ಟಿನ ನೀರಿನಲ್ಲಿ ಅದ್ದಿದೆ. ಎದೆಯೆತ್ತರದಿಂದ ಸಿಮೆಂಟಿನ ಮೇಲೆ ಬೀಳಿಸಿದೆ. ಬಿದ್ದಾಗ ಅದು ಸಿಡಿಯಲಿಲ್ಲ. ಟ್ರಿಗರ್ ಎಳೆದಾಗ ಒಂದು ಸಲವೂ ಸಿಡಿಯದೆ ಇರಲಿಲ್ಲ. ಇನ್ನೂರಕ್ಕೆ ಇನ್ನೂರು. ನನ್ನ ಮೂಗಿಗೆ ಮೂಗುದಾರ ಹಾಕಿದಂತಾಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಕಂಬಣ್ಣ ಕಿಂಡಿಯ ಮುಂದೆ ಬಂದು ನಿಂತ. ಹೆಚ್ಚು ಮಾತಿನವನಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮೇಷ್ಟ್ರೇ, ಹಳೇದೇ ಇರ್ಲಿ ಅಂತ ಬರೀರಿ."

"ನಿನ್ನ ಮಾತು ಕೇಳಿ ಬರೆಯೋಕೆ ನೀನೇನು ನನ್ನ ಹೆಂಡ್ತಿನಾ?"

ಅವನು ನಗಲಿಲ್ಲ. "ಕಾಲಿಗೆ ಬೀಳ್ತೀನಿ" ಎಂದ. ಬಗ್ಗಿಯೂ ಬಿಟ್ಟ, ನಡುವೆ ಜಾಲರಿ ಇರುವುದನ್ನು ಮರೆತು. ಹಣೆ ಕಬ್ಬಿಣಕ್ಕೆ ತಾಗಿ ಸದ್ದಾಯಿತು.

ಅವನ ಮನೆಯ ಸ್ಥಿತಿ ನನಗೆ ಗೊತ್ತಿತ್ತು. ಒಬ್ಬನೇ ಮಗ, ಇಪ್ಪತ್ತೆರಡು ವರ್ಷ. ಮೈ ಬೆಳೆದಿದೆ, ಬುದ್ಧಿ ಬೆಳೆದಿಲ್ಲ, ಕಾಲಿಗೆ ಶಕ್ತಿಯಿಲ್ಲ. ಅವನನ್ನು ಬೆಳಗ್ಗೆ ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಗೆ ಕೂರಿಸಿ, ಸಂಜೆ ಕುರ್ಚಿಯಿಂದ ಎತ್ತಿ ಸ್ನಾನ ಮಾಡಿಸುವವನು ಅಪ್ಪನೇ. ತಾಯಿಯ ಕೈಯಲ್ಲಿ ಆಗುವುದಿಲ್ಲ. ಕಂಪನಿ ಕೊಟ್ಟ ಮನೆ ರಸ್ತೆಯಾಚೆಗೇ ಇತ್ತು, ನೆಲಮಹಡಿ. ಬಾಗಿಲಿಗೆ ಕುರ್ಚಿ ಹತ್ತಿಸಲು ಕಂಬಣ್ಣ ತಾನೇ ಸಿಮೆಂಟು ಕಲಸಿ ಇಳಿಜಾರು ಮಾಡಿದ್ದ. ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ.

ಪರೀಕ್ಷೆಗೆ ಹೆದರಿದ್ದಾನೆ ಎಂದುಕೊಂಡೆ. ಒಮ್ಮೆ ವ್ಯಾನಿನ ಬಾಗಿಲಿಗೆ ಸಿಕ್ಕಿ ಅವನ ಎಡಗೈಯ ಹೆಬ್ಬೆರಳು ಸೊಟ್ಟಗಾಗಿತ್ತು. ಹೊಸ ಪಿಸ್ತೂಲಿನ ಮೇಲ್ಭಾಗವನ್ನು ಹಿಡಿದು ಹಿಂದಕ್ಕೆಳೆಯಲು ಆ ಬೆರಳು ಬೇಕೇ ಬೇಕು. "ಬಾ, ನಾನು ಕಲಿಸ್ತೀನಿ" ಎಂದೆ. ನಾಲ್ಕು ದಿನ ಊಟದ ಹೊತ್ತಿನಲ್ಲಿ ಖಾಲಿ ಪಿಸ್ತೂಲು ಕೊಟ್ಟು ಎಳೆಸಿದೆ. ನಾಲ್ಕನೇ ದಿನ ನೀರು ಕುಡಿದಷ್ಟು ಸಲೀಸಾಗಿ ಎಳೆದ. ನಾನು ಬೆನ್ನು ತಟ್ಟಿದೆ. ಅವನ ಮುಖ ಮಾತ್ರ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು. ಆಗಲೂ ನನ್ನ ಮಂದ ತಲೆಗೆ ಹೊಳೆಯಲಿಲ್ಲ.

ಮೂರನೇ ವಾರ ಹಳೆಯವುಗಳ ಸರದಿ. ಬರೀ ಅಭ್ಯಾಸದ ಗನ್ನುಗಳಲ್ಲಿ ಹೊಡೆದು ಬರೆದರೆ ನ್ಯಾಯವಲ್ಲ ಎಂದು ಕಪಾಟಿನಿಂದ ದಿನಕ್ಕೊಂದರಂತೆ ತೆಗೆದೆ. ಎರಡು ಚೆನ್ನಾಗಿಯೇ ಹೊಡೆದವು. ಮೂರನೆಯದು ಹದಿನಾಲ್ಕನೇ ನಂಬರು, ಕಂಬಣ್ಣನದು. ಟ್ರಿಗರ್ ಎಳೆದೆ. ಟಕ್. ಇನ್ನೊಮ್ಮೆ, ಟಕ್. ಆರೂ ಹಾಗೇ. ಗುಂಡು ಕೆಟ್ಟಿರಬೇಕೆಂದು ಹೊಸ ಡಬ್ಬ ಒಡೆದು ಹಾಕಿದೆ. ಆರು ಸಲ ಟಕ್ ಎಂದಿತೇ ಹೊರತು ಸಿಡಿಯಲಿಲ್ಲ.

ಮೇಜಿಗೆ ತಂದು ಕನ್ನಡಕ ಏರಿಸಿ ನೋಡಿದೆ. ಗುಂಡಿನ ತಳಕ್ಕೆ ಬಡಿಯಲು ಸುತ್ತಿಗೆಯ ಮೂತಿಯಲ್ಲಿ ಒಂದು ಮೊನೆ ಇರುತ್ತದೆ. ಆ ಮೊನೆಯೇ ಇರಲಿಲ್ಲ; ದಿನಾ ಹೊರಮೈಯನ್ನಷ್ಟೇ ಒರೆಸಿಡುತ್ತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಸವೆದು ಹೋದದ್ದಲ್ಲ, ಅರದಿಂದ ಉಜ್ಜಿದ್ದು. ಅರದ ಗೆರೆ ಯಾವುದು, ಸವೆತ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಜೆ ಕಂಬಣ್ಣ ಗನ್ನು ಒಪ್ಪಿಸಲು ಬಂದಾಗ ಒಳಗೆ ಕರೆದು ಬಾಗಿಲು ಹಾಕಿದೆ. ಅವತ್ತು ಅವನಿಗೆ ಬೇರೆ ಗನ್ನು ಕೊಟ್ಟಿದ್ದೆ, ಹಾಗಾಗಿ ಅವನಿಗೂ ಅರ್ಥವಾಗಿತ್ತು. ಮೇಜಿನ ಮೇಲೆ ಬಿಚ್ಚಿಟ್ಟ ಹದಿನಾಲ್ಕನ್ನು ನೋಡಿ ಸ್ಟೂಲಿನ ಮೇಲೆ ಕುಸಿದ.

"ಎಷ್ಟು ವರ್ಷ ಆಯ್ತು?"

"ಹನ್ನೊಂದು."

ನನಗೆ ಪಿತ್ತ ನೆತ್ತಿಗೇರಿತು. ಅವನ ವ್ಯಾನು ಓಡಿಸುವವನು ನನ್ನ ಅಳಿಯ. ನನ್ನ ಮಗಳ ಗಂಡ, ನನ್ನ ಮೊಮ್ಮಗಳ ಅಪ್ಪ ಹನ್ನೊಂದು ವರ್ಷ ಒಂದು ಕಬ್ಬಿಣದ ತುಂಡನ್ನು ನಂಬಿ ದಿನಾ ಮನೆ ಬಿಟ್ಟಿದ್ದಾನೆ. ಕಂಬಣ್ಣನ ಕಾಲರಿಗೆ ಕೈ ಹಾಕಿದೆ. ಬಾಯಿಗೆ ಬಂದದ್ದೆಲ್ಲ ಬೈದೆ.

"ಕಳ್ಳರು ಬಂದಿದ್ರೆ? ನನ್ನ ಅಳಿಯನ ತಲೆ ಒಡೆದಿದ್ರೆ, ನೀನು ನಿಂತ್ಕೊಂಡು ಟಕ್ ಟಕ್ ಅನಿಸ್ತಾ ಇರ್ತಿದ್ದೆಯಾ?"

"ಅವನಿಗೋಸ್ಕರಾನೇ ಉಜ್ಜಿದ್ದು ಮೇಷ್ಟ್ರೇ" ಎಂದ.

ನನ್ನ ಕೈ ಸಡಿಲವಾಯಿತು. ಅವನು ನೆಲ ನೋಡುತ್ತಾ ಹೇಳಿದ.

"ಅವನು ಕೆಲಸಕ್ಕೆ ಸೇರಿ ಮೂರು ದಿನ ಆಗಿತ್ತು. ಯೂನಿಫಾರ್ಮು ಇನ್ನೂ ಹೊಲಿದು ಬಂದಿರ್ಲಿಲ್ಲ. ಬ್ಯಾಂಕಿನ ಮುಂದೆ ಇಳಿದು ಎಲ್ಲಿಗೋ ಹೋದ, ನಾನು ನೋಡ್ಲಿಲ್ಲ. ಹನಿ ಬೀಳ್ತಾ ಇತ್ತು. ಯಾರೋ ಮುಖಕ್ಕೆ ಪೇಪರ್ ಅಡ್ಡ ಹಿಡ್ಕೊಂಡು ವ್ಯಾನಿನ ಕಡೆ ಓಡಿ ಬಂದ. ನಾನು ತಿರುಗಿದೆ. ಎಳೆದೇಬಿಟ್ಟೆ."

"ಎಳೆದು?"

"ಟಕ್ ಅಂತು. ಹೊಡೀಲಿಲ್ಲ. ಅವನು ಪೇಪರ್ ಇಳಿಸೋ ಹೊತ್ತಿಗೆ ನಾನು ಗನ್ನು ಒಳಗಿಟ್ಟಿದ್ದೆ. 'ಅಣ್ಣ, ಟೀ ಬೇಕಿತ್ತಾ' ಅಂತ ಕೇಳ್ದ. ನಾನು ಯೋಚನೆ ಮಾಡ್ಲಿಲ್ಲ ಮೇಷ್ಟ್ರೇ, ಬೆರಳೇ ಮಾಡ್ತು. ಅಷ್ಟು ಗಟ್ಟಿ ಟ್ರಿಗರ್, ಅದನ್ನೂ ಎಳೆದೆ ನಾನು."

ಮರುವಾರ ಎರಡು ದಿನದ ಹೊರಗಿನ ಡ್ಯೂಟಿ ಬಿತ್ತಂತೆ. ಗನ್ನು ರಾತ್ರಿಯೂ ಜೊತೆಯಲ್ಲೇ ಇತ್ತಂತೆ. ಅಲ್ಲೇ ಒಂದು ಅರ ಕೊಂಡು ಉಜ್ಜಿದನಂತೆ. ಕೆಲಸ ಬಿಡೋಣವೆಂದರೆ ಮಗನ ಕುರ್ಚಿ ಹತ್ತುವ ಮನೆ ಬೇರೆಲ್ಲೂ ಇಲ್ಲ. ಇಷ್ಟನ್ನೂ ನೆಲಕ್ಕೇ ಹೇಳಿದ.

ನಾನು ಲೆಕ್ಕ ಹಾಕುತ್ತಾ ಕೂತೆ. ಹನ್ನೊಂದು ವರ್ಷದ ಹಿಂದೆ ಗುಂಡುಗಳನ್ನು ಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದವನು ನಾನು. ಆ ಗುಂಡನ್ನು ಸಾಯಿಸಿದ್ದು ನನ್ನ ಎಣ್ಣೆ. ಮಗಳ ಮದುವೆಯಾಗಿ ಒಂಬತ್ತು ವರ್ಷ, ಮೊಮ್ಮಗಳಿಗೆ ಆರು. ನಾನು ದಡ್ಡನಾಗಿದ್ದಕ್ಕೆ ಅವಳು ಹುಟ್ಟಿದ್ದಾಳೆ. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಹಳೇದೇ ಇರ್ಲಿ ಅಂತ ಬರೀರಿ" ಎಂದು ಅವನು ಮತ್ತೆ ಹೇಳಿದ. "ಆ ಹೊಸದು ತಪ್ಪೋದೇ ಇಲ್ಲ ಅಂತೀರಿ. ಮತ್ತೆ ಆ ತರ ಆದ್ರೆ?"

ಆ ರಾತ್ರಿಯೇ ಹಳೆಯ ಸಾಮಾನಿನ ಡಬ್ಬದಿಂದ ಬೇರೆ ಸುತ್ತಿಗೆ ಹುಡುಕಿ ಹದಿನಾಲ್ಕಕ್ಕೆ ಹಾಕಿದೆ. ಉಜ್ಜಿದ್ದು ಗೊತ್ತಾದರೆ ಅವನಿಗೆ ಜೈಲು. ಅದೊಂದನ್ನು ಮುಚ್ಚಿಹಾಕಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ವರದಿಯನ್ನು ಹೇಗೆ ಬರೆಯಲಿ? ಎರಡು ದಿನ ಹಾಳೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತೆ. ಹಳೆಯದೇ ಮೇಲು ಎಂದು ಬರೆದರೆ ಹದಿನೆಂಟು ಜನ ಹಳೇ ಗನ್ನು ಕಟ್ಟಿಕೊಂಡು ಕಳ್ಳರೆದುರು ನಿಲ್ಲಬೇಕು. ಮೊನ್ನೆ ಸತ್ತ ಆ ಗಾರ್ಡಿನ ಕೈಯಲ್ಲೂ ಇಂಥದ್ದೇ ಹಳೇ ರಿವಾಲ್ವರ್ ಇತ್ತು. ಎಲ್ಲರ ಪ್ರಾಣ ಒಂದು ಕಡೆ, ಒಬ್ಬನ ಭಯ ಒಂದು ಕಡೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಲು ನೋಡಿದೆ, ಆಗಲಿಲ್ಲ. ಕೊನೆಗೆ ಕಂಡದ್ದನ್ನೇ ಬರೆದೆ. ಹೊಸದು ಹಗುರ, ಗುಂಡು ಹೆಚ್ಚು, ಗುರಿ ಚೆನ್ನ, ಟ್ರಿಗರ್ ಸಲೀಸು. ಎಳೆದರೆ ಸಿಡಿಯದೆ ಇರುವುದಿಲ್ಲ. ಈ ಕೊನೆಯ ಸಾಲು ಬರೆಯುವಾಗ ನನ್ನ ಅಕ್ಷರ ನನಗೇ ಓದಲು ಬರದಂತಾಯಿತು.

ಪರೀಕ್ಷೆಯ ದಿನ ಕಂಬಣ್ಣ ಬೇಕೆಂದೇ ತಪ್ಪಿಸುತ್ತಾನೆ ಎಂದುಕೊಂಡಿದ್ದೆ. ತಪ್ಪಿಸಲಿಲ್ಲ. ಹತ್ತಕ್ಕೆ ಹತ್ತೂ ಕಾಗದದ ಮನುಷ್ಯನ ಎದೆಗೆ ಹೊಡೆದ. ಮ್ಯಾನೇಜರು ಚಪ್ಪಾಳೆ ತಟ್ಟಿದರು. ಅವನು ಗ್ಯಾರೇಜಿನ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಂದು ನನ್ನ ಕಿಂಡಿಯಲ್ಲಿ ಸಹಿ ಹಾಕಿದ. "ಮಗನ ಮನೆ ಉಳೀತು" ಎಂದಷ್ಟೇ ಹೇಳಿದ.

ಆಮೇಲಿನ ಎರಡು ತಿಂಗಳು ನನ್ನ ಮನೆಯವರಿಗೆ ನಾನು ಹುಚ್ಚನಂತೆ ಕಂಡಿರಬೇಕು. ಅಳಿಯನಿಗೆ ದಿನಾ ಹೇಳುತ್ತಿದ್ದೆ, ವ್ಯಾನಿನ ಹತ್ತಿರ ಓಡಬೇಡ, ನಡೆದು ಹೋಗು, ಮಳೆ ಬಂದರೂ ನೆನೆದುಕೊಂಡೇ ಹೋಗು ಎಂದು. ಅವನೋ ನಿಧಾನ ಎನ್ನುವ ಪದವೇ ಗೊತ್ತಿಲ್ಲದವನು. "ಮಾವನಿಗೆ ವಯಸ್ಸಾಯ್ತು" ಎಂದು ಮಗಳಿಗೆ ಕಣ್ಣು ಹೊಡೆಯುತ್ತಿದ್ದ. ಸಂಜೆ ವ್ಯಾನು ಗೇಟಿನೊಳಗೆ ಬರುವವರೆಗೆ ನಾನು ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ಕಂಬಣ್ಣ ಇಳಿಯುವುದನ್ನು ನೋಡುತ್ತಿದ್ದೆ. ಅವನು ಒಣಗಿ ಅರ್ಧವಾಗಿದ್ದ.

ಒಂದು ರಾತ್ರಿ ಮನೆಯಲ್ಲಿ ಅಳಿಯ ಬುಸುಗುಡುತ್ತಾ ಬಂದು ಊಟಕ್ಕೆ ಕೂತ.

"ಮಾವ, ಆ ಕಂಬಣ್ಣನಿಗೆ ತಲೆ ಕೆಟ್ಟಿದೆ. ಹೊಸ ಗನ್ನು ಬಂದಾಗಿಂದ ನನ್ನನ್ನ ವ್ಯಾನಿಂದ ಇಳಿಯೋಕೇ ಬಿಡಲ್ಲ. ಟೀಗೂ ಇಲ್ಲ, ಒಂದಕ್ಕೂ ಇಲ್ಲ. ಇವತ್ತು ಜಗಳ ಮಾಡಿ ಇಳಿದೆ. ನಾನು ವಾಪಸ್ ಬಂದು ಸೀಟಲ್ಲಿ ಕೂರೋವರೆಗೂ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಗನ್ನಿನ ಮೇಲೆ ಕೈ ಇಡೋ ಬದ್ಲು. ಕ್ಯಾಷಿಯರ್ರೂ ನೋಡಿದ್ದಾರೆ. ನಾನು ಮ್ಯಾನೇಜರಿಗೆ ಬರೆದು ಕೊಟ್ಟೆ."

"ಕೊಟ್ಟೇಬಿಟ್ಟೆಯಾ?"

"ಕೊಟ್ಟೆ. ನಮ್ಮ ಪ್ರಾಣದ ಪ್ರಶ್ನೆ ಅಲ್ವಾ?"

ನಾನು ತಟ್ಟೆ ಸರಿಸಿದೆ. ಎದ್ದು ಕೈ ತೊಳೆದು, ಮಗಳ ಎದುರಿಗೇ ಎಲ್ಲವನ್ನೂ ಹೇಳಿದೆ. ಪೇಪರು, ಹನಿ ಮಳೆ, ಟಕ್ ಎಂದದ್ದು, ಅರ. ಅಳಿಯ ಅನ್ನ ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಕೂತ. ಕೈ ಒಣಗಿತು. ಮಗಳು ಎದ್ದು ಹೋಗಿ, ಮಲಗಿದ್ದ ಮಗುವಿನ ಪಕ್ಕ ಮಲಗಿಬಿಟ್ಟಳು.

ಬೆಳಗ್ಗೆ ಅಳಿಯ ಮ್ಯಾನೇಜರ ಬಾಗಿಲಲ್ಲಿ ಕಾದಿದ್ದು ದೂರು ವಾಪಸ್ ಕೊಡಿ ಎಂದ. ಯಾಕೆ ಎಂದು ಅವರು ಕೇಳಿದರು. ಯಾಕೆ ಎಂದು ಅವನು ಹೇಗೆ ಹೇಳಿಯಾನು? ಹೇಳಿದರೆ ಹನ್ನೊಂದು ವರ್ಷದ ಹಿಂದಿನ ಅರದ ಕೆಲಸ ಹೊರಬೀಳುತ್ತದೆ, ಕಂಬಣ್ಣ ಜೈಲಿಗೆ ಹೋಗುತ್ತಾನೆ. ನಾನೂ ಹೋಗಿ ನಿಂತೆ. ಒಳ್ಳೆಯ ಮನುಷ್ಯ, ಹಳಬ, ಒಂದು ಸಲ ಬಿಟ್ಟುಬಿಡಿ ಎಂದೆ. "ಕಾರಣ ಹೇಳಿ ಮೇಷ್ಟ್ರೇ" ಎಂದರು. ಮಾವ ಅಳಿಯ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ನಿಂತೆವು. ಕಂಬಣ್ಣನನ್ನು ಕರೆಸಿ ಉತ್ತರ ಬರೆಯಲು ಹೇಳಿದರು. ಅವನು 'ದೂರು ನಿಜ' ಎಂದು ಎರಡೇ ಪದ ಬರೆದು ಕೊಟ್ಟ. ಸಂಜೆಯೊಳಗೆ ಆದೇಶ ಬಂತು. ವಾರದ ಕೊನೆಗೆ ಕೆಲಸದಿಂದ ತೆಗೆಯಲಾಗಿದೆ, ತಿಂಗಳೊಳಗೆ ಮನೆ ಖಾಲಿ ಮಾಡಬೇಕು.

ವಾರದ ಕೊನೆಯ ದಿನ ಕಂಬಣ್ಣ ಗನ್ನು ಒಪ್ಪಿಸಲು ಕಿಂಡಿಗೆ ಬಂದ. ಹಿಂದೆಯೇ ನನ್ನ ಅಳಿಯ ಬಂದು ಗೋಡೆಗೆ ಒರಗಿ ನಿಂತ, ಹತ್ತಿರ ಬರುವ ಧೈರ್ಯವಿಲ್ಲದೆ. ಕಂಬಣ್ಣ ಪಿಸ್ತೂಲಿನ ಮೇಲ್ಭಾಗ ಎಳೆದು ಒಳಗು ಖಾಲಿ ಇರುವುದನ್ನು ನನಗೆ ತೋರಿಸಿದ, ನಾನು ಕಲಿಸಿದ ಹಾಗೆಯೇ. ಹತ್ತು ಗುಂಡುಗಳನ್ನು ಒಂದೊಂದಾಗಿ ಜೋಡಿಸಿಟ್ಟ. ಒಂದೂ ಖರ್ಚಾಗಿರಲಿಲ್ಲ.

"ಮನೆ ಎಲ್ಲಾದ್ರೂ ಸಿಕ್ತಾ?" ಎಂದೆ.

"ಒಂದು ಸಿಕ್ಕಿದೆ. ಎರಡನೇ ಮಹಡಿ."

"ಲಿಫ್ಟು?"

"ಇಲ್ಲ. ಬೆನ್ನ ಮೇಲೆ ಹೊತ್ತು ಹತ್ತಿಸ್ಬೇಕು, ಇಳಿಸ್ಬೇಕು. ಇನ್ನೊಂದು ನಾಲ್ಕು ವರ್ಷ ಬೆನ್ನು ತಡೆದೀತು."

ಅಳಿಯ "ಅಣ್ಣ" ಎಂದ. ಕಂಬಣ್ಣ ಅವನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಪಿಸ್ತೂಲನ್ನೇ ನೋಡುತ್ತಿದ್ದ.

"ಇದು ಇನ್ಮೇಲೆ ಯಾರಿಗೆ ಮೇಷ್ಟ್ರೇ?"

"ಹೊಸಬ ಒಬ್ಬ ಬರ್ತಾನೆ ನಾಳೆ. ಸೈನ್ಯದಲ್ಲಿದ್ದವನು. ಕೈ ಬಹಳ ಚುರುಕು ಅಂತೆ."

ಅವನು ದಾರ ಕಟ್ಟಿದ ಪೆನ್ನು ತೆಗೆದುಕೊಂಡು ಸಹಿ ಮಾಡಿದ, ಪೆನ್ನನ್ನು ಅದರ ಜಾಗದಲ್ಲೇ ಇಟ್ಟ. ಆಮೇಲೆ ನನ್ನ ಅಳಿಯನ ಕಡೆ ತಿರುಗಿದ.

"ಬೆಳಗ್ಗೆ ಬೇಗ ಬಾ" ಎಂದ. "ವ್ಯಾನು ಹೊರಡೋಕೆ ಮುಂಚೆ ಆ ಹೊಸಬನ ಎದುರಿಗೆ ನಿಂತು ನಿನ್ನ ಮುಖ ಸರಿಯಾಗಿ ತೋರಿಸು."